ಧಾರವಾಡದಲ್ಲಿ ಹಿಮ ಬಿದ್ದ ವರ್ಷ

"ಈ ಸಲ ಬಸವ ಜಯಂತಿಗೆ ಕಣ್ಣೀರು ಹಾಕದ ಒಂದು ಕೂಸೂ ಕಮ್ಯುನಿಟಿ ಹಾಲ್ ಬಿಟ್ಟು ಹೊರಗ ಹೋಗಂಗಿಲ್ಲ, ನೋಡ್ತಿರು!" ಎಂದು ಲಾಸ್ ಏಂಜಲೀಸಿನಿಂದ ಎರಡು ತಾಸು ದೂರದ ರಾಂಚೊ ಬರ್ನಾರ್ಡೊದ ಎಂಜಿನಿಯರ್ ಗುರುಬಸಪ್ಪ ತನ್ನ ಗ್ಯಾರೇಜಿನಲ್ಲಿ ನಿಂತು ಭೀಷಣ ಪ್ರತಿಜ್ಞೆ ಮಾಡಿದ. ಕೈಯಲ್ಲಿ ಗದೆಯ ಬದಲು ಸ್ಕ್ರೂಡ್ರೈವರ್ ಇತ್ತು.

"ಹುಡುಗ್ರು ಹಬ್ಬಕ್ಕ ಬರೋದು ಅಳಾಕೇನ್ರೀ?" ಎಂದಳು ಹೆಂಡತಿ ಗುರುಶಾಂತವ್ವ.

ಎಲ್ಲಕ್ಕೂ ಕಾರಣ ಮ್ಯಾಜಿಕ್ ಲ್ಯಾಂಟರ್ನ್. ಕ್ಯಾಲಬಾಸಸ್ಸಿನ ದೇವಸ್ಥಾನದಿಂದ ವಾಪಸಾಗುವಾಗ ಲಾಸ್ ಏಂಜಲೀಸಿನ ಯಾರದೋ ಮನೆಯ ಮುಂದೆ ಹಳೇ ಸಾಮಾನು ಮಾರುತ್ತಿದ್ದರು. ಹೆಂಡತಿ ಬೇಡಬೇಡವೆಂದರೂ ಇವನು ಕಾರು ನಿಲ್ಲಿಸಿದ್ದ. ಒಳಗೊಂದು ದೀಪ, ಮುಂದೊಂದು ಮಸೂರ, ನಡುವೆ ಬಣ್ಣದ ಗಾಜಿನ ಪಟ ತೂರಿಸಿದರೆ ಗೋಡೆಯ ಮೇಲೆ ಚಿತ್ರ. ಮುತ್ತಜ್ಜನ ಕಾಲದ ಸಿನಿಮಾ ಅನ್ನಿ. ಜೊತೆಗಿದ್ದ ಪಟಗಳಲ್ಲಿ ಆಗಿನ ಚರ್ಚುಗಳಲ್ಲಿ ಭಕ್ತರನ್ನು ಅಳಿಸಲು ತೋರಿಸುತ್ತಿದ್ದ ಕಥೆ: ಹರಕು ಕೋಟಿನ ಬಡ ಹುಡುಗ, ಕೆಮ್ಮುವ ತಾಯಿ, ಕೊನೆಯ ಬ್ರೆಡ್ ತುಂಡು, ಸಾವು, ಪ್ರಾರ್ಥನೆ, ದೇವದೂತರು. ಪಟಗಳನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಗುರುಬಸಪ್ಪ ಚೌಕಾಸಿಯನ್ನೂ ಮಾಡದೆ ದುಡ್ಡು ಎಣಿಸಿಕೊಟ್ಟಿದ್ದ.

ಅವನ ಗುರಿ ನಿಜವಾಗಿ ಒಬ್ಬಳೇ, ಮಗಳು ವೈಷ್ಣವಿ. ಆರನೇ ಕ್ಲಾಸಿನವಳು. ಅಪ್ಪ ಬಾಯಿ ತೆರೆದರೆ ಇಯರ್‌ಫೋನ್ ಹುಡುಕುತ್ತಾಳೆ, ಏನು ಕೇಳಿದರೂ ಇಂಗ್ಲಿಷಿನಲ್ಲಿ ಒಂದೇ ಪದದ ಉತ್ತರ. ಹೆತ್ತವರೆಂದರೆ ಏನೆಂಬುದು ಇವಳ ಎದೆಗೆ ಒಮ್ಮೆಯಾದರೂ ತಾಗಬೇಕು ಎಂಬ ಸಂಕಟ ಅವನನ್ನು ಎಷ್ಟೋ ದಿನದಿಂದ ಕೊರೆಯುತ್ತಿತ್ತು. ಉಳಿದ ಮಕ್ಕಳು ಅತ್ತರೆ ಅದು ಬೋನಸ್.

"ಬಸವ ಜಯಂತಿಯಾಗ ಈ ಪಟದಾಗಿನ ಪಾದ್ರಿಗೆ ಏನಂತೀರಿ?" ಗುರುಶಾಂತವ್ವ ಪಾಟೀಸವಾಲಿಗಿಳಿದಳು.

"ಸ್ವಾಮಿಗಳು!"

"ರೆಕ್ಕಿ ಇದ್ದವರಿಗೆ?"

"ಶಿವಗಣ!"

"ಈ ಪಟದಾಗ ಮಂಡಿತನಾ ಹಿಮ ಬಿದ್ದದಲ್ಲ, ಇದಕ್ಕ?"

"ಅದನ್ನ ಆಮ್ಯಾಲೆ ವಿಚಾರ ಮಾಡ್ತೀನಿ. ನೀ ಒಳಗ ಹೋಗು!"

ಶನಿವಾರ ಸಂಜೆ ಕಮ್ಯುನಿಟಿ ಹಾಲ್ ಕಿಕ್ಕಿರಿದಿತ್ತು. ಗುರುಬಸಪ್ಪನ ಆಫೀಸಿನ ಗೆಳೆಯ, ಬೆಂಗಳೂರಿನ ಅಕ್ಬರ್ ಪಾಷಾ, ಊರಲ್ಲಿರುವ ಬಂಧುಗಳೂ ನೋಡಲೆಂದು ಮುಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ಇಟ್ಟು ಜೂಮ್ ಹಚ್ಚಿದ್ದ. "ಶುರು ಮಾಡಿ ಗುರುಬಸಪ್ಪನೋರೆ, ಎಲ್ಲಾ ಕನೆಕ್ಟ್ ಆಗೌರೆ!" ಎಂದ. ದೀಪಗಳು ಆರಿದವು. ಗುರುಬಸಪ್ಪ ಯುದ್ಧಕ್ಕೆ ಹೊರಟವನಂತೆ ಎದೆಯುಬ್ಬಿಸಿ ಮೊದಲ ಪಟ ತೂರಿಸಿದ.

ಬಡ ಹುಡುಗ ಗೋಡೆಯ ಮೇಲೆ ತಲೆ ಕೆಳಗಾಗಿ ನಿಂತಿದ್ದ!

"ಅಂಕಲ್, ಈಸ್ ಹಿ ಡೂಯಿಂಗ್ ಯೋಗಾ?" ಎಂದ ಅಕ್ಬರ್ ಪಾಷಾನ ಮಗ ಹಮ್ಜಾ.

ಹಾಲಿಗೆ ಹಾಲೇ ಘೊಳ್ಳೆಂದಿತು. ಆ ಯಂತ್ರದಲ್ಲಿ ಪಟವನ್ನು ತಲೆಕೆಳಗು ಮಾಡಿಯೇ ಹಾಕಬೇಕು. ಗುರುಬಸಪ್ಪ ತಗಡು ತಿಕ್ಕಿದ್ದ, ಎಲ್‌ಇಡಿ ಬಲ್ಬ್ ಕೂರಿಸಿದ್ದ, ಕನ್ನಡಿಯ ಮುಂದೆ ಭಾಷಣ ಉರು ಹೊಡೆದಿದ್ದ. ಗಾಜು ಒಡೆದೀತೆಂಬ ಹೆದರಿಕೆಗೆ ಒಂದೇ ಒಂದು ಪಟವನ್ನೂ ಹಾಕಿ ನೋಡಿರಲಿಲ್ಲ. ಗಡಿಬಿಡಿಯಲ್ಲಿ ಹುಡುಗನನ್ನು ನೆಟ್ಟಗೆ ನಿಲ್ಲಿಸಿದ, ಆದರೆ ನಗು ನಿಲ್ಲಲಿಲ್ಲ. ಎಷ್ಟೋ ವಾರಗಳ ಶ್ರಮ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು. ಆಗ ಅವನ ಬಾಯಿಂದ ಆ ಮಾತು ಹೊರಬಿತ್ತು.

"ನಗಬ್ಯಾಡ್ರಿ! ಈ ಬಡ ಹುಡುಗ ಬ್ಯಾರೆ ಯಾರೂ ಅಲ್ಲ. ನಾನ!"

ಹಾಲ್ ಗಪ್‌ಚಿಪ್ ಆಯಿತು. ಹಿಂದಿನ ಸಾಲಿನಲ್ಲಿ ಗುರುಶಾಂತವ್ವ ಹಣೆ ಚಚ್ಚಿಕೊಂಡಳು. ಧಾರವಾಡದ ದೊಡ್ಡ ಬಟ್ಟೆ ಅಂಗಡಿಯ ಮಾಲೀಕರ ಕಿರಿಮಗ ತನ್ನ ಗಂಡ ಎಂಬುದು ಅವಳಿಗೆ ಗೊತ್ತಿಲ್ಲದ್ದೇ?

ಗುರುಬಸಪ್ಪನಿಗೆ ಗೆಲುವಿನ ರುಚಿ ಹತ್ತಿತ್ತು. ಮುಂದಿನ ಪಟದಲ್ಲಿ ಹಿಮ. "ಆ ವರ್ಷ ಧಾರವಾಡದಾಗ ಹಿಮ ಬಿದ್ದಿತ್ತು!" ಎಂದುಬಿಟ್ಟ. ಹುಬ್ಬಳ್ಳಿ ಕಡೆಯವರು ಕೆಮ್ಮಿದರು. ಬೆಂಗಳೂರಿನವರು ಇದ್ದರೂ ಇರಬಹುದು ಎಂಬಂತೆ ತಲೆಯಾಡಿಸಿದರು. ಅದರ ಮುಂದಿನ ಪಟದಲ್ಲಿ ತಾಯಿ. ಪಟ ಹಿಂದಕ್ಕೆ ಹೋಗುವಂತಿಲ್ಲ, ಕಥೆಯೂ ಹೋಗುವಂತಿಲ್ಲ. "ಕಡೀ ರೊಟ್ಟಿ ತುಣಕ ನನ್ನ ಕೈಯಾಗಿಟ್ಟು, 'ಉಣ್ಣು ಮಗನ' ಅಂದು, ನಮ್ಮವ್ವ ಕಣ್ಣು ಮುಚ್ಚಿದಳು!" ಎನ್ನುವಾಗ ಅವನಿಗೇ ನಿಜವಾಗಿ ಅಳು ಬಂತು.

"ವೈ ಡಿಡಂಟ್ ಎನಿಬಡಿ ಕಾಲ್ ನೈನ್ ಒನ್ ಒನ್?" ಎಂದು ಹಮ್ಜಾ ಗೊಳೋ ಎಂದ. ಅವನ ಹಿಂದೆಯೇ ಮಕ್ಕಳೆಲ್ಲ ಬಿಕ್ಕತೊಡಗಿದರು. ಗುರುಬಸಪ್ಪ ಕಣ್ಣೊರೆಸಿಕೊಳ್ಳುತ್ತ ಮಗಳಿಗಾಗಿ ಹುಡುಕಿದ. ವೈಷ್ಣವಿ ಎದ್ದು ನಿಂತಿದ್ದಳು! ದುಃಖ ತಡೆಯಲಾಗಲಿಲ್ಲ ಪಾಪ, ಅಪ್ಪನನ್ನು ತಬ್ಬಿಕೊಳ್ಳಲು ಬರುತ್ತಿದ್ದಾಳೆ ಎಂದು ಅವನ ಜೀವ ಹೂವಾಯಿತು.

ವೈಷ್ಣವಿ ಅಪ್ಪನನ್ನು ದಾಟಿ ಲ್ಯಾಪ್‌ಟಾಪಿನ ಮುಂದೆ ಕೂತು ಮ್ಯೂಟ್ ತೆಗೆದಳು.

"ಅಜ್ಜಿ, ನೀ ಸತ್ತ ಹೋಗೀಯಂತ. ಅಪ್ಪ ಹೇಳಾಕತ್ತಾರ."

"ಯಾವಾಗ?" ಎಂದಿತು ಲ್ಯಾಪ್‌ಟಾಪು.

ಅಳುತ್ತಿದ್ದ ಮಕ್ಕಳು ಬಾಯಿ ತೆರೆದವರು ಹಾಗೇ ನಿಂತರು. ಪರದೆಯ ಮೇಲೆ ಧಾರವಾಡದ ಅಜ್ಜಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಚಹಾದ ಬಟ್ಟಲು, ಗುಂಡುಕಲ್ಲಿನ ಹಾಗೆ ಕೂತಿದ್ದರು. ಗುರುಬಸಪ್ಪನಿಗೆ ಮಾತ್ರ ತಾಯಿ ಬದುಕಿರುವುದಕ್ಕಿಂತ ಮಗಳ ಬಾಯಲ್ಲಿ ಬಂದ ಕನ್ನಡವೇ ದೊಡ್ಡ ಪವಾಡವಾಗಿ ಕಂಡಿತು.

"ಅವ್ವಾ, ಅದು... ಬರೇ ಕತಿ ಅವ್ವಾ! ಈ ಹುಡುಗ್ರಿಗೆ ತಾಯಿ ಬೆಲಿ ಗೊತ್ತಾಗ್ಲಿ ಅಂತ..."

"ಗೊತ್ತಾತು ಬಿಡು," ಎಂದರು ಅಜ್ಜಿ. "ನಿನ್ನ ಮಗಳು ಐತವಾರಕ್ಕೊಮ್ಮೆ ತಪ್ಪದ ಫೋನ್ ಮಾಡಿ ತಾಸುಗಟ್ಟಲೆ ಮಾತಾಡ್ತಾಳ. ಸಂಕ್ರಾಂತಿ ಆದಮ್ಯಾಲೆ ನಿಂದು ಮಾತ್ರ ಒಂದ ಫೋನೂ ಇಲ್ಲ. ಯಾಕಿರಬಹುದು ಅಂತ ನಾನೂ ಭಾಳ ವಿಚಾರ ಮಾಡಿದ್ದೆ." ಅಜ್ಜಿ ಚಹಾ ಒಂದು ಗುಟುಕು ಹೀರಿದರು. "ಸತ್ತವರಿಗೆ ಯಾರು ಫೋನ್ ಮಾಡ್ತಾರಪಾ!"