ತೊಟ್ಟಿಲ ಮುಂದಿನ ಮರ್ಯಾದೆ

ಸರ್ಕಾರಿ ಸಿಸ್ಟರ್ ಆದವಳ ಮರ್ಯಾದೆ ಹೋಗುವ ಪ್ರಸಂಗಗಳು ನಮ್ಮೂರ ಬಸ್ಸಿಗಿಂತ ಟೈಮಿಗೆ ಸರಿಯಾಗಿ ಬರುತ್ತವೆ.

ನಾನು ಹಗರಿಬೊಮ್ಮನಹಳ್ಳಿಯವಳು. ಕೊಟ್ಟೂರಿನ ಆಚೆ ಒಂದು ಊರಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಕೆಲಸ. ಬಸುರಿಯರು, ಬಾಣಂತಿಯರು, ಕೂಸುಗಳು ಎಲ್ಲ ನನ್ನ ಪಾಲಿಗಿದ್ದರು. ಅಷ್ಟರಲ್ಲಿ ಬಾಣಂತಿ-ಕೂಸುಗಳ ಆರೈಕೆಯ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ಮೈಸೂರು ಕಡೆಯ ಒಬ್ಬ ಹುಡುಗಿ ಬಂದಳು. ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ಆಮೇಲೇ ಗೊತ್ತಾದದ್ದು.

ನನಗೆ ಒಂದೇ ಒಂದು ಆಸೆಯಿತ್ತು. ಇಷ್ಟು ವರ್ಷವಾದರೂ ಯಾರೂ ನನ್ನನ್ನು ತೊಟ್ಟಿಲ ಮುಂದೆ ಕೂರಿಸಿ ಕೂಸಿನ ಹೆಸರು ಕರೆಸಿರಲಿಲ್ಲ. ಕಿರಾಣಿ ಅಂಗಡಿ ಮನೆಯ ಮಗಳ ಹೆರಿಗೆಯಾದಾಗ, ಈ ಸಲ ನನಗೇ ಎಂದುಕೊಂಡೆ. ಆ ಮನೆಯ ಅಳಿಯನಿಗೆ ಅಕ್ಕತಂಗಿಯರಿಲ್ಲ, ಅಂದರೆ ಹೆಸರು ಕರೆಯಲು ಸೋದರತ್ತೆ ಇಲ್ಲ. ಬಸುರಿಗೆ ರಕ್ತ ಕಡಿಮೆ ಇದ್ದಾಗ ಎದುರು ನಿಂತು ಗುಳಿಗೆ ನುಂಗಿಸಿದವಳು ನಾನು. ಅಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕೂಡ್ಲಿಗಿ ಆಸ್ಪತ್ರೆಯ ತನಕ ಹೋದವಳೂ ನಾನೇ.

ಮಿರ್ಚಿ ಯಾರಿಗೆ

ಕೂಸು ಆಸ್ಪತ್ರೆಯಿಂದ ಬಂದ ಮೇಲೆ ನಾನೂ ಮೈಸೂರು ಹುಡುಗಿಯೂ ಅಂಗಡಿ ಮನೆಗೆ ಹೋದೆವು. ನನಗೆ ಒಂದು ಲೋಟ ನೀರು ಬಂತು. ಆ ಹುಡುಗಿಗೆ ಮಂಡಕ್ಕಿ, ಬಿಸಿ ಮಿರ್ಚಿ ಭಜಿ. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತೆ.

"ಅಜ್ಜಿ, ಕೂಸಿಗೆ ಮೊದಲು ಏನು ಕೊಟ್ರಿ?" ಎಂದು ಹುಡುಗಿ ಕೇಳಿದಳು.

ನನ್ನ ಎದುರು "ತಾಯಿ ಹಾಲು ಬಿಟ್ರ ಏನೂ ಇಲ್ರಿ" ಎಂದು ಆಣೆ ಮಾಡಿದ್ದ ಅಜ್ಜಿ ದನಿ ತಗ್ಗಿಸಿದಳು. "ಸಿಸ್ಟರ್ ಮುಂದ ಹೇಳಬ್ಯಾಡವ್ವ. ಮೊದ್ಲು ಒಂದೀಟು ಜೇನುತುಪ್ಪ ನೆಕ್ಕಿಸೀವಿ. ಆಮ್ಯಾಲೆ ಹಾಲೂ ಕುಡಿಸೀವಿ ಬಿಡು. ಪಾಪ, ಆಕಿ ಅಷ್ಟು ಬಡ್ಕೊಂತಾಳ, ಆಕಿಗೂ ಬ್ಯಾಸರ ಆಗಬಾರದಲ್ಲ!"

ಬಿರುಸು ಕಣ್ಣು

ಪಕ್ಕದ್ದು ಮೆಕ್ಯಾನಿಕ್ ಮನೆ. ಅವನ ತಾಯಿ, ನಾವೆಲ್ಲ ನಾನಿ ಎನ್ನುತ್ತೇವೆ, ಮಗಳ ಮಗಳನ್ನು ತೂಕ ಮಾಡಲು ನನಗೆ ಒಂದು ಸಲವೂ ಬಿಟ್ಟವಳಲ್ಲ. ತೂಗಿದರೆ ದೃಷ್ಟಿಯಾಗುತ್ತದಂತೆ. ಆ ಹುಡುಗಿ ತಕ್ಕಡಿ ತೆಗೆದಿದ್ದೇ ತಡ, ನಾನಿ ತಾನೇ ಕೂಸನ್ನು ಎತ್ತಿ ಅದರ ಜೋಳಿಗೆಯಲ್ಲಿ ಮಲಗಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕ್ರಿ ನಾನಿ, ಆಕಿಗೆ ಆದ್ರ ದೃಷ್ಟಿ ಇಲ್ಲೇನು?"

"ಆಕಿ ಕಣ್ಣು ತಂಪು ಅದಾವ ಬೇಟಿ. ನಿಂದು ಬಾಳ ಬಿರುಸು. ಮೊನ್ನಿ ನಮ್ಮ ಆಡು ಛಲೋ ಐತಿ ಅಂದಿ. ಸಂಜಿಗೇ ಹಾಲು ಬಿಡವಲ್ದು."

ಇಷ್ಟು ಶಕ್ತಿಯಿರುವ ಕಣ್ಣನ್ನು ಆಡಿನ ಮೇಲೆ ಯಾಕೆ ದಂಡ ಮಾಡಬೇಕು? ಹುಡುಗಿಯನ್ನು ಅಡಿಯಿಂದ ಮುಡಿಯ ತನಕ ರೆಪ್ಪೆ ಬಡಿಯದೆ ನೋಡಿ, "ಎಷ್ಟು ಛಲೋ ಕಾಣ್ತೀರವ್ವ!" ಎಂದೆ. ನಾನಿ ಗಾಬರಿಯಾಗಿ ಹುಡುಗಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಮರುದಿನ ಹುಡುಗಿ ಗುಲಾಬಿ ಸೀರೆಯಲ್ಲಿ ಇನ್ನೂ ಲಕಲಕ ಹೊಳೆಯುತ್ತ ಬಂದಳು. ನೆಗಡಿಯಾದದ್ದು ನನಗೆ.

ಹೆಸರು ಕರೆದದ್ದು

ತೊಟ್ಟಿಲ ದಿನ ಬಂತು. ಹೆಸರು ಯಾರು ಕರೆಯುತ್ತಾರೆಂದು ಅಂಗಡಿ ಮನೆಯ ಅಜ್ಜಿಯನ್ನು ಕೇಳಿದೆ.

"ಆ ಮೈಸೂರು ಹುಡುಗಿನ್ನ ಕುಂದ್ರಸ್ತೀವ್ರಿ. ಚಂದ ಅದಾಳ."

"ಆಕಿಗೆ ನಮ್ಮ ಪದ್ಧತಿ ಏನ್ ಗೊತ್ತೈತ್ರಿ?" ಎಂದೆ. ನೆಗಡಿಯ ಮೂಗನ್ನು ಸೆರಗಿನಿಂದ ಒರೆಸಿಕೊಂಡೆ.

"ಹೇಳಿಕೊಟ್ರ ಆತು ಬಿಡ್ರಿ."

ಹುಡುಗಿ ಇದನ್ನು ಕೇಳಿಸಿಕೊಂಡಳು. "ಬೇಡ ಅಜ್ಜಿ. ಆ ಜಾಗ ಸಿಸ್ಟರ್‌ದು. ನಾನು ನಿಂತು ನೋಡ್ತೀನಿ" ಎಂದಳು. ಅವಳ ಮಾತು ಮುಗಿಯುವ ಮೊದಲೇ ನಾನು ಸೆರಗು ಸಿಕ್ಕಿಸಿ ತೊಟ್ಟಿಲ ಮುಂದೆ ಕೂತಾಗಿತ್ತು. ಅವಳ ಕಡೆ ಒಂದು ನೋಟ ಬೀರಿ, ಬಗ್ಗಿ, ಹೆಸರಿಗೆ ಮೊದಲು ಹೇಳುವಂತೆ ಕೂಸಿನ ಕಿವಿಯಲ್ಲಿ "ಕುರ್ರ್..." ಎಂದೆ.

ನಮ್ಮ ಕಡೆ ಹೆಸರು ಕರೆಯುವವಳ ಬೆನ್ನಿಗೆ ನೆರೆದ ಹೆಂಗಸರೆಲ್ಲ ಗುದ್ದಬೇಕು. ಅದು ಶಾಸ್ತ್ರ. ಆಸೆಯ ಭರದಲ್ಲಿ ನನಗೆ ಬೆನ್ನಿನ ವಿಚಾರವೇ ಮರೆತುಹೋಗಿತ್ತು. ತಿರುಗಿ ನೋಡಿದರೆ ಊರಿನಲ್ಲಿ ನಾನು ಸೂಜಿ ಚುಚ್ಚಿದವರೆಲ್ಲ ಸಾಲಾಗಿ ನಿಂತಿದ್ದಾರೆ!

"ಇದು ಆ ಕಬ್ಬಿಣದ ಗುಳಿಗಿಗೆ!" ಎಂದು ಒಬ್ಬಳು ಗುದ್ದಿದಳು. "ಇದು ನನ್ನ ಮಗನ ತೊಡಿಗೆ ಚುಚ್ಚಿದ್ದಕ್ಕ!" ಎಂದಳು ಇನ್ನೊಬ್ಬಳು. ಅಂಗಡಿ ಮನೆಯ ಬಾಣಂತಿ, ನಾನೇ ಕೈ ಹಿಡಿದು ಕರೆದೊಯ್ದವಳು, ಕೂತಲ್ಲಿಂದಲೇ ಕೈ ಚಾಚಿ, "ಅಂಬುಲೆನ್ಸಿನ್ಯಾಗ ಸುಮ್ನ ಇರ್ಲೇ ಅಂತ ಬೈದಿದ್ರಲ್ರಿ!" ಎಂದು ತನ್ನದೂ ಒಂದು ಕೊಟ್ಟಳು. ಹೆಸರು ಎರಡು ಅಕ್ಷರದ್ದೇ ಆದರೂ ನನ್ನ ಬಾಯಿಂದ ಪೂರ್ತಿ ಹೊರಡಲು ಬಹಳ ಹೊತ್ತು ಹಿಡಿಯಿತು.

ಎಲ್ಲ ಮುಗಿಯಿತೆಂದು ಏಳುವಷ್ಟರಲ್ಲಿ ಮೈಸೂರಿನ ಮೆತ್ತನೆಯ ದನಿ ಕೇಳಿಸಿತು.

"ಅಜ್ಜಿ, ಹೊರಗಿನವರೂ ಗುದ್ದಬಹುದಾ?"

"ಗುದ್ದವ್ವ, ಪುಣ್ಯ ಬರ್ತೈತಿ."

ಅವಳು ಬಳೆ ಹಿಂದೆ ಸರಿಸಿಕೊಂಡು ಹತ್ತಿರ ಬಂದು, ನನ್ನ ಕಿವಿಯ ಬಳಿ ಬಗ್ಗಿ ಹೇಳಿದಳು: "ಸಿಸ್ಟರ್, ಇದು ನಿಮ್ಮ ಬಿರುಸು ಕಣ್ಣಿಗೆ!"