ಇಕ್ಕಟ್ಟಿಗೆ ಸಾಕ್ಷಿ

"ಕೋಣೆ ಚಿಕ್ಕದು ಅಂತ ಎಂಟು ವರ್ಷದಿಂದ ಬರೀತಿದ್ದೀರಿ. ಅದರ ಫೋಟೋ ಎಲ್ರೀ? ನೀವೂ ಒಳಗೆ ನಿಂತಿರಬೇಕು. ಆಳಿಲ್ಲದೆ ಅಳತೆ ಹೇಗೆ ಗೊತ್ತಾಗುತ್ತೆ?" ಸಾಹೇಬರು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. "ಸಂಜೆಯೊಳಗೆ ತನ್ನಿ. ಇವತ್ತೇ ತೀರ್ಮಾನ."

ಕಡತದ ಗುಮಾಸ್ತರಿಗೆ ಮೈಯೆಲ್ಲ ಉರಿಯಿತು. ಮೆಟ್ಟಿಲ ಕೆಳಗಿನ ಆ ಗೂಡಿನೊಳಗೆ ಅವರು ದಿನವೂ ದಿಂಬಿನ ಚೀಲಕ್ಕೆ ಹಾಸಿಗೆ ತುರುಕಿದಂತೆ ತಮ್ಮನ್ನು ತುರುಕಿಕೊಳ್ಳುತ್ತಿದ್ದರು. ಎದ್ದರೆ ಮೊಣಕಾಲಿಗೆ ಮೇಜು, ತಿರುಗಿದರೆ ಮೊಣಕೈಗೆ ಬೀರು.

"ದೇವರು ಇರುವೆಗೂ ಮೈಗೆ ತಕ್ಕ ಗೂಡು ಕೊಟ್ಟಿದ್ದಾನೆ, ಸಾಕ್ಷಿ ಕೇಳಲಿಲ್ಲ! ಇವರಿಗೆ ಬೇಕಂತೆ!" ಎಂದು ಗೊಣಗುತ್ತಲೇ ಮನೆಗೆ ಹೋಗಿ, ತೀರಿಹೋದ ಹೆಂಡತಿ ಹೊಲಿಸಿಕೊಟ್ಟಿದ್ದ ಬಿಳಿ ಅಂಗಿ ತೊಟ್ಟು ಬಂದರು. ಮದುವೆಯ ನಂತರ ಅವರ ಇಡೀ ಮೈ ಫೋಟೋದಲ್ಲಿ ಬೀಳುವುದು ಇದೇ ಮೊದಲು. ಅಂಗಿ ಅಂದಿನದು, ಹೊಟ್ಟೆ ಇಂದಿನದು.

ಜೊತೆಗೆ ಕರೆತಂದಿದ್ದ ಫೋಟೋಗ್ರಾಫರ್ ಕೋಣೆಯ ಬಾಗಿಲಲ್ಲಿ ನಿಂತು ಕ್ಯಾಮೆರಾ ಕಣ್ಣಿಗಿಟ್ಟ. "ಸಾರ್, ಬರೀ ಅಂಗಿ ಗುಂಡಿ ಕಾಣ್ತಿದೆ. ಸ್ವಲ್ಪ ಹಿಂದೆ ಹೋಗಿ."

"ಹಿಂದೆ ಗೋಡೆ ಇದೆಯಪ್ಪಾ!"

"ಹಾಗಾದ್ರೆ ಮೂಲೆಯಿಂದ ತೆಗೀಬೇಕು. ನಾನೆಲ್ಲಿ ನಿಲ್ಲಲಿ?"

ಪಕ್ಕದ ಕೋಣೆಯ ಟೈಪಿಸ್ಟ್ ಇಣುಕಿದಳು. "ಬೀರು ಹೊರಗಿಡ್ಸಿ ಅಣ್ಣಾ. ಪಾಪ, ಅವ್ರೂ ನಿಲ್ಲಬೇಕಲ್ಲ."

"ಮೇಜೂ ತೆಗೀರಿ," ಎಂದರು ಟಪಾಲಿನವರು. "ಸಾಹೇಬರಿಗೆ ನಿಮ್ಮ ಕಾಲು ಕಾಣೋದು ಬೇಡ್ವೇ?"

ಕುರ್ಚಿಯೂ ಕಡತದ ಗಂಟುಗಳೂ ವರಾಂಡಕ್ಕೆ ಹೋದವು. ಫೋಟೋಗ್ರಾಫರ್ ಮೂಲೆಯಲ್ಲಿ ಕಪ್ಪೆಯಂತೆ ಕುಕ್ಕರಿಸಿ ಬೇರೊಂದು ಲೆನ್ಸ್ ಸಿಕ್ಕಿಸಿದ. "ಇದ್ರಲ್ಲಿ ಗೋಡೆಯಿಂದ ಗೋಡೆಗೆ ಬೀಳುತ್ತೆ ಸಾರ್."

"ಅಣ್ಣಾ, ಗುಂಡಿ ಹಾರೀತು! ಉಸಿರು ಹಿಡೀರಿ!" ಎಂದು ಟೈಪಿಸ್ಟ್ ಕೂಗಿದಳು.

ಗುಮಾಸ್ತರು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು, ಎಂಟು ವರ್ಷದ ಸಿಟ್ಟನ್ನೆಲ್ಲ ಕಣ್ಣಿಗೆ ತಂದುಕೊಂಡು ನೆಟ್ಟಗೆ ನಿಂತರು. ಕ್ಲಿಕ್!

ಸಂಜೆ ಸಾಹೇಬರು ಫೋಟೋ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಏನ್ರೀ ಇದು? ಬಯಲಲ್ಲಿ ಗಳ ನೆಟ್ಟ ಹಾಗೆ ನಿಂತಿದ್ದೀರಿ! ಇಷ್ಟು ಜಾಗ ಇಟ್ಕೊಂಡು ಎಂಟು ವರ್ಷ ಅತ್ರಾ?"

"ಸಾರ್, ಬೀರು, ಮೇಜು ಎಲ್ಲಾ ಹೊರಗೆ..."

"ಹಾಗಾದ್ರೆ ಫೋಟೋ ಸುಳ್ಳು ಹೇಳುತ್ತೇನ್ರೀ?"

ಅರ್ಜಿಯ ಮೇಲೆಯೇ ಆಜ್ಞೆ ಬಿತ್ತು. ಕತ್ತಲಾಗುವ ಮೊದಲು ಬೀರು, ಮೇಜು, ಕುರ್ಚಿ, ಗಂಟುಗಳು ಒಳಗೆ ಬಂದವು. ಅವುಗಳ ಹಿಂದೆ ಇನ್ನೊಂದು ಮೇಜು, ಟೈಪ್ ಯಂತ್ರ, ಕೊನೆಗೆ ಟೈಪಿಸ್ಟ್.

"ಅಣ್ಣಾ, ಸ್ವಲ್ಪ ಸರೀತೀರಾ?"

ಅಂದು ಹಿಡಿದ ಉಸಿರನ್ನು ಬಿಡಲು ಗುಮಾಸ್ತರಿಗೆ ಇಂದಿಗೂ ಜಾಗ ಸಿಕ್ಕಿಲ್ಲ.