ಫೆರ್ಮಿನ್ ಹಾರಿಸಿದ ಬಾವುಟ

ಎಲ್ಲಕ್ಕೂ ಮೂಲ ಒಂದು ತಟ್ಟೆ ಬಿಳಿ ಊಟ.

ಬಿಳಿ ಅನ್ನ, ಬೇಯಿಸಿದ ಮರಗೆಣಸು, ಬೇಯಿಸಿದ ಕೋಳಿ. ಮೂರನ್ನೂ ಬಿಳಿ ಪಿಂಗಾಣಿ ತಟ್ಟೆಗೆ ಬಡಿಸಿ ಫೆರ್ಮಿನ್ ಹೆಮ್ಮೆಯಿಂದ ಹೆಂಡತಿಯ ಹಾಸಿಗೆಯ ಬಳಿ ತಂದ. ಡೆಂಗಿ ಜ್ವರವೇನೋ ಬಿಟ್ಟಿತ್ತು, ಆದರೆ ಹೋಗುವಾಗ ಓನೇಲಿಯಾಳ ಹಸಿವನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು.

ಸಾಂತಿಯಾಗೊ ನಗರದ ಅವರ ಗಲ್ಲಿಯಲ್ಲಿ ಬಣ್ಣಬಣ್ಣದ ದಿನದ ಊಟಕ್ಕೆ ‘ಬಾವುಟ’ ಅಂತಲೇ ಹೆಸರು. ಬಿಳಿ ಅನ್ನ, ಕೆಂಪು ಬೀನ್ಸ್ ಕಾಳು, ಮಾಂಸದ ಸಾರು, ಪಕ್ಕದಲ್ಲಿ ಏನಾದರೂ ಹಸಿರು. ಓನೇಲಿಯಾಳ ಕೈಗೆ ಅದೂ ಸಾಲದು. ಕರಿದ ಹಳದಿ ಬಾಳೆ, ಬೆಣ್ಣೆಹಣ್ಣಿನ ಹೋಳು ಇಟ್ಟ ಮೇಲೇ ತಟ್ಟೆ ಮೇಜಿಗೆ ಬರುತ್ತಿತ್ತು. ಬಣ್ಣವಿಲ್ಲದ ಜಾಗ ಕಂಡರೆ ಅವಳಿಗಾಗದು. ಗಂಡನ ಬೂದು ಅಂಗಿಗೆ ಹಳದಿ ಗುಂಡಿ ಹೊಲಿದವಳು ಅವಳು.

“ಇದೇನು, ಯುದ್ಧದಲ್ಲಿ ಸೋತೋರು ಹಿಡಿಯೋ ಬಾವುಟ ತಂದಿದ್ದೀಯಲ್ಲೋ,” ಎಂದು ಅವಳು ಗೋಡೆಯ ಕಡೆ ಹೊರಳಿದಳು.

ಅದೇ ಹೊತ್ತಿಗೆ ರೋಗಿಯನ್ನು ನೋಡಲು ಬಂದ ನರ್ಸಮ್ಮ ಮುಟ್ಟದ ತಟ್ಟೆಯನ್ನು ನೋಡಿದರು. “ಸಾಯಂಕಾಲ ಮತ್ತೆ ಬರ್ತೀನಿ. ಅಷ್ಟರಲ್ಲಿ ಇವ್ರು ಹೊಟ್ಟೆ ತುಂಬ ಉಂಡಿಲ್ಲ ಅಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗೋದೇ.”

ಓನೇಲಿಯಾ ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡಳು. ಅವಳ ತಾಯಿ ಆಸ್ಪತ್ರೆಗೆ ಹೋದವಳು ಮನೆಗೆ ಮರಳಿರಲಿಲ್ಲ. ಫೆರ್ಮಿನ್‌ಗೆ ಅದು ನೆನಪಿತ್ತು. ಜೀವನವೆಲ್ಲ ಚುಟ್ಟಾ ಸುತ್ತಿದವನಿಗೆ ಗೊತ್ತಿದ್ದದ್ದು ಹೊಗೆಸೊಪ್ಪಿನ ಕಂದು ಒಂದೇ. ಇನ್ನು ಬಣ್ಣ ಎಲ್ಲಿಂದ ತರುವುದು?

ಗಲ್ಲಿಗೆ ಸುದ್ದಿ ಮುಟ್ಟಲು ಅವನು ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಪಕ್ಕದ ಮನೆಯ ಹಿರಿಯಮ್ಮ ದೋನ್ಯಾ ತಾತಿಕಾ ಅಡುಗೆಮನೆಯ ಕಿಟಕಿಗೆ ಮುಖವಿಟ್ಟರು.

“ಮಗಾ, ಬಣ್ಣ ಬಿಡೋ ಬಿಹಾ ಬೀಜ ಎಣ್ಣೇಲಿ ಕಾಯಿಸಿ ಅನ್ನಕ್ಕೆ ಹಾಕು. ಸಂಜೆ ಸೂರ್ಯನ ಹಾಗೆ ಬರುತ್ತೆ.” ಹಿಡಿ ಬೀಜ ಕೊಟ್ಟು ಹೋದರು.

ಎದುರುಮನೆಯ ದರ್ಜಿ ಜುನಿಲ್ದಾ ಬಾಗಿಲಿಂದಲೇ ಕೂಗಿದಳು, “ಬೀಟ್‌ರೂಟ್ ಹಾಕಣ್ಣ! ರಕ್ತ ಹೋದೋರಿಗೆ ಕೆಂಪೇ ಬೇಕು!”

ಬೇರೆ ಊರಲ್ಲಿದ್ದ ಅವರ ಮಗಳಿಗೆ ದೀಕ್ಷಾಸ್ನಾನದಲ್ಲಿ ಜ್ಞಾನಪಿತನಾಗಿ ನಿಂತಿದ್ದ ಗೆಳೆಯ ಚಾಗೊ ಒಂದು ಕಟ್ಟು ಕೊತ್ತಂಬರಿ ಹಿಡಿದು ಬಂದ. ಆ ನಂಟಿನಿಂದ ಅವನಿಗೆ ಫೆರ್ಮಿನ್ ‘ಕಂಪಾದ್ರೆ’, ಓನೇಲಿಯಾ ‘ಕಾಮಾದ್ರೆ’. “ಹಸಿರು ನೋಡಿದ್ರೆ ದನಕ್ಕೇ ಹಸಿವಾಗುತ್ತೆ ಕಂಪಾದ್ರೆ, ಮನುಷ್ಯರಿಗೆ ಆಗಲ್ವಾ?”

ಸಿಲಿಂಡರಿನಲ್ಲಿ ಗ್ಯಾಸು ಮುಗಿಯುತ್ತಾ ಬಂದಿತ್ತು. ಯಾರ ಮಾತನ್ನೂ ತೆಗೆದುಹಾಕುವ ಧೈರ್ಯ ಫೆರ್ಮಿನ್‌ಗಿರಲಿಲ್ಲ. ಬೀಜದ ಕಿತ್ತಳೆ ಬಣ್ಣ, ಬೀಟ್‌ರೂಟಿನ ಕೆಂಪು, ಕೊತ್ತಂಬರಿಯ ಹಸಿರು ಮೂರನ್ನೂ ಮುಟ್ಟದೆ ಉಳಿದ ಬಿಳಿ ಊಟದ ಜೊತೆ ಒಂದೇ ಪಾತ್ರೆಗೆ ಸುರಿದು, ಸೌಟು ಹಿಡಿದು ಮೈಯೆಲ್ಲ ಬಗ್ಗಿಸಿ ತಿರುವಿದ. ಆ ಭರದಲ್ಲಿ ಅಂಗಿ ಎದೆಯ ಬಳಿ ತೆರೆದುಕೊಂಡದ್ದೂ ಅವನಿಗೆ ತಿಳಿಯಲಿಲ್ಲ.

ಮುಚ್ಚಳ ತೆಗೆದಾಗ ಒಳಗಿದ್ದದ್ದು ಕಿತ್ತಳೆಯಲ್ಲ, ಕೆಂಪಲ್ಲ, ಹಸಿರಂತೂ ಅಲ್ಲವೇ ಅಲ್ಲ. ಪ್ರವಾಹ ಇಳಿದ ಮೇಲೆ ಊರಿನ ನದಿ ದಡದಲ್ಲಿ ಕೆಸರು ಉಳಿಸಿ ಹೋಗುತ್ತದಲ್ಲ, ಆ ಬಣ್ಣ.

ನಾಚಿಕೆ ಬಿಟ್ಟು ತಾತಿಕಾ ಬಳಿ ಓಡಿದ. ಆ ಮಹಾತಾಯಿ ಒಂದು ಮಾತೂ ಕೇಳದೆ ತಮ್ಮ ಊಟದ ತಟ್ಟೆಯನ್ನೇ ಎತ್ತಿ ಕೊಟ್ಟರು. ಅದು ಬಾವುಟವೆಂದರೆ ಬಾವುಟ! ಫೆರ್ಮಿನ್‌ಗೆ ಕಣ್ಣು ತುಂಬಿ ಬಂತು. ಊಟವನ್ನು ತನ್ನ ತಟ್ಟೆಗೆ ವರ್ಗಾಯಿಸಿದ. ಆದರೆ ಆ ಗಲ್ಲಿಯಲ್ಲಿ ತಟ್ಟೆ ಖಾಲಿ ಹಿಂದಿರುಗುವ ಪದ್ಧತಿಯಿಲ್ಲ. ಮನೆಯಲ್ಲಿದ್ದದ್ದು ಆ ಕೆಸರು ಬಣ್ಣದ ಅನ್ನವೊಂದೇ. ಅದನ್ನೇ ತುಂಬಿ, ಬಟ್ಟೆ ಮುಚ್ಚಿ, ತಾತಿಕಾರ ಕಿಟಕಿಯ ಮೇಲಿಟ್ಟು ಕಳ್ಳನಂತೆ ಓಡಿ ಬಂದ.

“ನಾನೇ ಮಾಡಿದ್ದು,” ಎಂದು ಹೆಂಡತಿಯ ಮುಂದೆ ತಟ್ಟೆ ಇಟ್ಟ.

ಓನೇಲಿಯಾ ಎರಡು ಚಮಚ ಬಾಯಿಗಿಟ್ಟಳು. “ಚೆನ್ನಾಗಿದೆ. ನಿನ್ನ ಕೈಯೊಳಗೆ ತಾತಿಕಾ ಸೇರ್ಕೊಂಡ ಹಾಗಿದೆ,” ಎಂದು ಚಮಚ ಕೆಳಗಿಟ್ಟಳು. ಮತ್ತೆ ಮುಟ್ಟಲಿಲ್ಲ. ಫೆರ್ಮಿನ್ ಆ ತಟ್ಟೆಗೆ ಕಾವಲು ಕೂತ. ಅವಳು ಮತ್ತೆ ಕೇಳಿಯಾಳೆಂಬ ಆಸೆಯಲ್ಲಿ ತಾನೂ ಒಂದು ತುತ್ತು ತಿನ್ನಲಿಲ್ಲ. ಅಷ್ಟರಲ್ಲಿ ಬೆಕ್ಕು ಬಂದು ಮಾಂಸ ಎಳೆದುಕೊಂಡು ಹೋಯಿತು, ತಟ್ಟೆ ನೆಲಕ್ಕೆ ಕವುಚಿತು.

ಹೊತ್ತು ಇಳಿಯಿತು. ನರ್ಸಮ್ಮ ಬರುವ ಸಮಯ. ಬಾಗಿಲಲ್ಲಿ ಚಾಗೊ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ನಿಂತಿದ್ದ.

“ಕಾಮಾದ್ರೆಗೆ ಅಂತ ತಂದೆ. ಜುನಿಲ್ದಾ ಕೊಟ್ಲು. ಅವಳಿಗೆ ತಾತಿಕಾ ಕೊಟ್ರಂತೆ. ಎಲ್ರಿಗೂ ಇವತ್ತು ಹಸಿವಿಲ್ವಂತೆ. ನನಗೂ ಯಾಕೋ ಎದೆಯುರಿ.” ತಟ್ಟೆ ಕೊಟ್ಟವನು ನಿಲ್ಲಲಿಲ್ಲ.

ಫೆರ್ಮಿನ್ ಬಟ್ಟೆ ಎತ್ತಿದ. ಗಲ್ಲಿಯೆಲ್ಲ ಸುತ್ತಿ ಬಂದ ಅವನದೇ ಅನ್ನ! ಮುಚ್ಚುವಷ್ಟರಲ್ಲಿ ಓನೇಲಿಯಾ ಕತ್ತು ಚಾಚಿ ನೋಡಿಬಿಟ್ಟಿದ್ದಳು. ಆ ಕೆಸರಿನ ನಟ್ಟನಡುವೆ ಒಂದೇ ಒಂದು ಚೊಕ್ಕ ಬಣ್ಣ ಹೊಳೆಯುತ್ತಿತ್ತು. ಹಳದಿ ಗುಂಡಿ.

ಅವಳು ಗುಂಡಿ ನೋಡಿದಳು, ಗಂಡನ ತೆರೆದ ಎದೆ ನೋಡಿದಳು. ಮೊದಲು ಭುಜ ಅಲುಗಿತು, ಆಮೇಲೆ ಮಂಚವೇ ಅಲುಗಿತು. ನಕ್ಕು ನಕ್ಕು ಎದ್ದು ಕೂತಳು. “ಅಯ್ಯೋ, ಹೊಟ್ಟೆ ಹಿಡ್ಕೊಂತು. ಹಸಿವಾಗ್ತಿದೆ ಕಣೋ! ತಾ ಇಲ್ಲಿ.”

“ಬೇಡ ಕಣೆ, ಅದು…”

“ಇದನ್ನ ಮಧ್ಯಾಹ್ನವೇ ಕೊಡೋದಲ್ವಾ ಪೆದ್ದು! ನನಗಾಗಿ ಇಷ್ಟು ಒದ್ದಾಡಿದ್ದೀಯಲ್ಲ, ಇದಕ್ಕಿಂತ ರುಚಿ ಬೇಕಾ?”

ನರ್ಸಮ್ಮ ಒಳಗೆ ಬಂದಾಗ ಓನೇಲಿಯಾ ತಟ್ಟೆಯ ಅಂಚು ಬಳಿಯುತ್ತಿದ್ದಳು. “ಭೇಷ್! ಏನು ಕೊಟ್ರೋ, ವಾರವಿಡೀ ಅದನ್ನೇ ಕೊಡಿ,” ಎಂದು ಅವರು ಹೊರಟುಹೋದರು.

ಫೆರ್ಮಿನ್ ಗೋಡೆಯ ಮೇಲಿನ ದೇವಮಾತೆ ಆಲ್ತಗ್ರಾಸಿಯಾಳ ಪಟಕ್ಕೆ ಕೈಮುಗಿದ. ತಾತಿಕಾಗೆ, ಜುನಿಲ್ದಾಗೆ, ಚಾಗೊಗೆ, ಕೊನೆಗೆ ಬೆಕ್ಕಿಗೂ ಮನಸ್ಸಿನಲ್ಲೇ ವಂದಿಸಿದ. ಆಗಷ್ಟೇ ಬೆಳಗಿನಿಂದ ತಾನು ಉಂಡಿಲ್ಲವೆಂಬುದು ನೆನಪಾಯಿತು. ಪಾತ್ರೆ ಖಾಲಿ, ತಟ್ಟೆಯೂ ಖಾಲಿ.

ಓನೇಲಿಯಾ ಆಗಲೇ ಸೂಜಿದಾರ ಹಿಡಿದು ಗುಂಡಿ ಒರೆಸುತ್ತಿದ್ದಳು.

“ಅಂಗಿ ಬಿಚ್ಚಿಕೊಡು, ಹೊಲೀತೀನಿ. ಆಮೇಲೆ ನೋಡು, ಚಾಗೊ ತಂದುಕೊಟ್ಟ ತಟ್ಟೆ ಖಾಲಿ ಹೋಗಬಾರದು. ನಾಳೆ ಇದೇ ಅನ್ನ ಮಾಡಿ ಅದರ ತುಂಬಾ ತುಂಬಿಸಿ ಕಳಿಸು.”

ಫೆರ್ಮಿನ್ ಅಂಗಿ ಬಿಚ್ಚಿಕೊಟ್ಟು ಬೇರೊಂದು ತೊಟ್ಟ. ಸಂತೋಷದಿಂದಲೇ ಬೀಟ್‌ರೂಟ್ ತರಲು ಹೊರಟ. ನಾಳೆ ಸಂಜೆಯ ತನ್ನ ಊಟ ಯಾವ ಬಣ್ಣದ್ದು, ಯಾವ ಯಾವ ಮನೆ ದಾಟಿ ಬರುತ್ತದೆ ಎಂಬುದು ಅವನಿಗೆ ಈಗಲೇ ಗೊತ್ತಾಗಿತ್ತು.